ಕೀನ್ಯಾ ಸಹ್ರಾವಿ ಗಣರಾಜ್ಯದ ಕೈ ಬಿಟ್ಟಿತಾ, ಇಲ್ಲವಾ?

2025ರ ಮೇ ಕೊನೆಯಲ್ಲಿ ಕೀನ್ಯಾದ ವಿದೇಶಾಂಗ ವ್ಯವಹಾರ ನೋಡಿಕೊಳ್ಳುವ ಮುಸಾಲಿಯಾ ಮುಡಾವಾದಿ ಮೊರಾಕ್ಕೊದ ರಾಜಧಾನಿ ರಬಾತ್‌ಗೆ ಹೋದರು. ಅಲ್ಲಿ ತಮ್ಮ ದೇಶದ ರಾಯಭಾರ ಕಚೇರಿ ಉದ್ಘಾಟಿಸಿದರು. ಪಶ್ಚಿಮ ಸಹಾರಾ ಎಂಬ ನೆಲ ತನ್ನದು ಎನ್ನುತ್ತದೆ ಮೊರಾಕ್ಕೊ; ಅದೇ ನೆಲದ ಹೆಸರಿನಲ್ಲಿ ಸ್ವತಂತ್ರ ದೇಶ ಎಂದು ಘೋಷಿಸಿಕೊಂಡದ್ದು ಸಹ್ರಾವಿ ಗಣರಾಜ್ಯ. ಈ ಜಗಳಕ್ಕೆ ಮೊರಾಕ್ಕೊ ಮುಂದಿಟ್ಟಿರುವ ಯೋಜನೆಯೇ ನಂಬಬಹುದಾದ ದಾರಿ ಎಂದು ಹೇಳುವ ಜಂಟಿ ಹೇಳಿಕೆಯೂ ಹೊರಬಂತು. ಮರುದಿನ ಕೆಲವು ಕಡೆ "ಕೀನ್ಯಾ ಸಹ್ರಾವಿ ದೇಶದ ಕೈ ಬಿಟ್ಟಿತು" ಎಂಬ ಸುದ್ದಿ, ಇನ್ನು ಕೆಲವು ಕಡೆ "ಮಾನ್ಯತೆ ಹಾಗೇ ಇದೆ" ಎಂಬ ಸುದ್ದಿ. ಇದೇ ಗೊಂದಲ 2022ರ ಸೆಪ್ಟೆಂಬರ್‌ನಲ್ಲೂ ಆಗಿತ್ತು. ಆಗ ಹೊಸದಾಗಿ ಬಂದಿದ್ದ ಅಧ್ಯಕ್ಷ ವಿಲಿಯಂ ರುಟೊ ಮಾನ್ಯತೆ ರದ್ದು ಎಂದು ಒಂದು ಟ್ವೀಟ್ ಹಾಕಿ, ಆಮೇಲೆ ಅಳಿಸಿದ್ದರು.

ಎರಡೂ ಸುದ್ದಿಗಳಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ಕಾಗದದ ಮೇಲೆ ಕೀನ್ಯಾ ಏನನ್ನೂ ಕಿತ್ತುಹಾಕಿಲ್ಲ. ಆದರೆ ನಡೆ ಪೂರ್ತಿ ಬದಲಾಗಿದೆ. ಈ ಎರಡರ ನಡುವಿನ ಜಾಗದಲ್ಲಿ ನಿಂತುಕೊಳ್ಳುವುದು ಕೀನ್ಯಾದ ರಾಜಧಾನಿ ನೈರೋಬಿಗೆ ಬೇಕಾಗಿಯೇ ಇದೆ. ಯಾಕೆ ಬೇಕು, ಅದರಿಂದ ಯಾರಿಗೆ ಏನಾಗುತ್ತದೆ ಅನ್ನೋದು ಅರ್ಥವಾಗಬೇಕಾದರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಗಳ ಇರುವುದು ಯಾವ ನೆಲಕ್ಕೆ

ಆಫ್ರಿಕಾದ ವಾಯವ್ಯ ಮೂಲೆಯಲ್ಲಿ, ಮೊರಾಕ್ಕೊದ ಕೆಳಗೆ, ಅಟ್ಲಾಂಟಿಕ್ ದಂಡೆಗೆ ಅಂಟಿಕೊಂಡಿರುವ ಮರುಭೂಮಿ ಪಶ್ಚಿಮ ಸಹಾರಾ. ಸುಮಾರು 2.66 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ದೊಡ್ಡದು. ಜನ ಮಾತ್ರ ಆರು ಲಕ್ಷದ ಆಸುಪಾಸು. 1975ರವರೆಗೆ ಇದು ಸ್ಪೇನ್‌ನ ವಸಾಹತು. ಸ್ಪೇನ್ ಹೊರಡುವ ಮುಂಚೆಯೇ ಮೊರಾಕ್ಕೊ ಮತ್ತು ಮೌರಿಟಾನಿಯಾ ಎರಡೂ "ಇದು ಮೊದಲಿಂದ ನಮ್ಮದು" ಎಂದು ನಿಂತವು. ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1975ರ ಅಕ್ಟೋಬರ್ 16ರಂದು ನ್ಯಾಯಾಲಯ ಕೊಟ್ಟ ಅಭಿಪ್ರಾಯ ಹೀಗಿತ್ತು: ಅಲ್ಲಿನ ಕೆಲವು ಬುಡಕಟ್ಟುಗಳು ಮೊರಾಕ್ಕೊದ ಸುಲ್ತಾನನಿಗೆ ನಿಷ್ಠೆ ತೋರುತ್ತಿದ್ದದ್ದು ನಿಜ, ಆದರೆ ಅದರಿಂದ ಆ ನೆಲದ ಮೇಲೆ ಮೊರಾಕ್ಕೊಗೆ ಒಡೆತನ ಬರುವುದಿಲ್ಲ, ಅಲ್ಲಿನ ಜನ ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸಬೇಕು. ಮೊರಾಕ್ಕೊ ಮೊದಲ ಅರ್ಧವನ್ನು ಹಿಡಿದುಕೊಂಡಿತು. ಮೂರು ವಾರದಲ್ಲಿ ಸುಮಾರು 3.5 ಲಕ್ಷ ಜನರನ್ನು ಬಾವುಟ, ಕುರಾನ್ ಹಿಡಿಸಿ ಗಡಿ ದಾಟಿಸಿತು. ಇದೇ ಹೆಸರಾದ "ಹಸಿರು ಮೆರವಣಿಗೆ".

ಸ್ಪೇನ್ ವಿರುದ್ಧ 1973ರಲ್ಲಿ ಹುಟ್ಟಿದ್ದ ಪೊಲಿಸಾರಿಯೊ ಎಂಬ ಸಂಘಟನೆ ಈಗ ಹೊಸ ಎದುರಾಳಿಗಳ ವಿರುದ್ಧ ಬಂದೂಕು ತಿರುಗಿಸಿತು. 1976ರ ಫೆಬ್ರವರಿ 27ರಂದು ಅದು ಸಹ್ರಾವಿ ಅರಬ್ ಪ್ರಜಾಸತ್ತಾತ್ಮಕ ಗಣರಾಜ್ಯವನ್ನು ಘೋಷಿಸಿತು. ಮೌರಿಟಾನಿಯಾ 1979ರಲ್ಲಿ ಕೈತೊಳೆದುಕೊಂಡಿತು. ಯುದ್ಧ ನಿಂತಿದ್ದು 1991ರಲ್ಲಿ. ಜನಮತ ಸಂಗ್ರಹ ನಡೆಸುತ್ತೇವೆ ಎಂದು ವಿಶ್ವಸಂಸ್ಥೆ ಮಾತು ಕೊಟ್ಟು, ಅದಕ್ಕಾಗಿಯೇ ಮಿನುರ್ಸೊ ಎಂಬ ತಂಡ ಕಳಿಸಿತು. ಆ ಮತದಾನ ಇವತ್ತಿಗೂ ನಡೆದಿಲ್ಲ.

ಯಾಕೆ ನಡೆದಿಲ್ಲ ಅಂದರೆ ಮತದಾರರ ಪಟ್ಟಿಯೇ ಮುಗಿಯಲಿಲ್ಲ. ಸ್ಪೇನ್ 1974ರಲ್ಲಿ ಎಣಿಸಿದಾಗ ಅಲ್ಲಿದ್ದವರು ಸುಮಾರು 74 ಸಾವಿರ. ವಿಶ್ವಸಂಸ್ಥೆ ವರ್ಷಗಟ್ಟಲೆ ಒಬ್ಬೊಬ್ಬರನ್ನೇ ಕೂರಿಸಿ, ಬುಡಕಟ್ಟಿನ ಹಿರಿಯರಿಂದ ಗುರುತು ಹಿಡಿಸಿ, ಕೊನೆಗೆ ಸುಮಾರು 86 ಸಾವಿರ ಜನರ ಪಟ್ಟಿ ಮಾಡಿತು. ಅದಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಮೇಲ್ಮನವಿಗಳು ಬಂದವು, ಬಹುಪಾಲು ಮೊರಾಕ್ಕೊ ಕಡೆಯಿಂದ. ಅಲ್ಲಿಗೆ ಕೆಲಸ ಕೆಟ್ಟಿತು.

ಈಗ ನೆಲದ ಸುಮಾರು 80 ಶೇಕಡಾ ಮೊರಾಕ್ಕೊ ಕೈಯಲ್ಲಿದೆ. ನಡುವೆ ಸುಮಾರು 2,700 ಕಿಲೋಮೀಟರ್ ಉದ್ದದ ಮರಳು ದಿಬ್ಬ, ಅದರ ಸುತ್ತ ನೆಲಬಾಂಬುಗಳು. ದಿಬ್ಬದ ಆಚೆಗಿನ ಒಣ ಪಟ್ಟಿ ಪೊಲಿಸಾರಿಯೊದ್ದು. ಗಣರಾಜ್ಯದ ಸರ್ಕಾರ ನಿಜವಾಗಿ ನಡೆಯುವುದು ಮಾತ್ರ ಪಕ್ಕದ ಅಲ್ಜೀರಿಯಾದ ತಿಂದೂಫ್‌ನಲ್ಲಿರುವ ಸಹ್ರಾವಿ ನಿರಾಶ್ರಿತರ ಶಿಬಿರಗಳಿಂದ. ಆ ಶಿಬಿರಗಳಿಗೆ ಇಟ್ಟ ಹೆಸರುಗಳನ್ನು ನೋಡಿ: ಲಾಯೂನ್, ಸ್ಮಾರಾ, ದಖ್ಲಾ, ಔಸೆರ್ದ್, ಬೊಜ್ದೂರ್. ಎಲ್ಲವೂ ದಿಬ್ಬದ ಇನ್ನೊಂದು ಬದಿಯಲ್ಲಿ, ಮೊರಾಕ್ಕೊ ಹಿಡಿತದಲ್ಲಿರುವ ಊರುಗಳ ಹೆಸರು. ಅಲ್ಲೇ ಹುಟ್ಟಿ ಅಲ್ಲೇ ಮಕ್ಕಳು ಮರಿ ಮಾಡಿಕೊಂಡವರು ಇದ್ದಾರೆ, ಆ ಊರುಗಳನ್ನು ಕಣ್ಣಾರೆ ಕಂಡಿಲ್ಲ.

ಮಾನ್ಯತೆ ಬೇರೆ, ಸಂಬಂಧ ಬೇರೆ, ಬೆಂಬಲ ಬೇರೆ

ಸುದ್ದಿಯ ಗೊಂದಲಕ್ಕೆ ದೊಡ್ಡ ಕಾರಣ ಮೂರು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಕಲಸಿಬಿಡುವುದು.

ಒಂದು ಸರ್ಕಾರ ಇನ್ನೊಂದನ್ನು "ನೀನೂ ಒಂದು ದೇಶ" ಎಂದು ಒಪ್ಪುವುದು ಮಾನ್ಯತೆ. ರಾಯಭಾರಿ ಕಳಿಸುವುದು, ಕಚೇರಿ ತೆರೆಯುವುದು ರಾಜತಾಂತ್ರಿಕ ಸಂಬಂಧ. ಮೊದಲನೆಯದು ಇದ್ದೂ ಎರಡನೆಯದು ಇಲ್ಲದಿರಬಹುದು. 2021ರ ಆಗಸ್ಟ್‌ನಲ್ಲಿ ಅಲ್ಜೀರಿಯಾ ಮೊರಾಕ್ಕೊ ಜೊತೆ ಸಂಬಂಧ ಕಡಿದುಕೊಂಡಿತು, ಹಾಗಂತ ಮೊರಾಕ್ಕೊ ಒಂದು ದೇಶವೇ ಅಲ್ಲ ಎಂದು ಅಲ್ಜೀರಿಯಾ ಹೇಳಲಿಲ್ಲವಲ್ಲ. ಮೂರನೆಯದು ಬಿಕ್ಕಟ್ಟು ಬಗೆಹರಿಸುವ ಯಾವುದೋ ಒಂದು ಯೋಜನೆಗೆ ಬೆಂಬಲ. ಇಲ್ಲಿ ಅದು ಮೊರಾಕ್ಕೊ 2007ರಲ್ಲಿ ಮುಂದಿಟ್ಟ ಸ್ವಾಯತ್ತತೆಯ ಯೋಜನೆ. ಸ್ಥಳೀಯ ಶಾಸನಸಭೆ, ಸ್ಥಳೀಯ ಸರ್ಕಾರ, ಸ್ಥಳೀಯ ಕೋರ್ಟು ನಿಮ್ಮದು. ಸೇನೆ, ವಿದೇಶಾಂಗ, ಬಾವುಟ, ರಾಜನ ಅಧಿಕಾರ ನಮ್ಮದು ಅನ್ನುವುದು ಅದರ ತಿರುಳು.

ಈ ಯೋಜನೆ ಒಳ್ಳೆಯದು ಎಂದವರು ತರ್ಕದ ಪ್ರಕಾರ "ಪಶ್ಚಿಮ ಸಹಾರಾ ಮೊರಾಕ್ಕೊದ ಒಳಗೆ ಇರಲಿ" ಎಂದ ಹಾಗೆಯೇ. ಆದರೂ ಸಹ್ರಾವಿ ಗಣರಾಜ್ಯದ ಮಾನ್ಯತೆ ಹಿಂದಕ್ಕೆ ಪಡೆದೆವು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೀನ್ಯಾ ಮಾಡಿದ್ದು ಇದನ್ನೇ.

ಮಾನ್ಯತೆ ಹಿಂಪಡೆಯಲು ಬರುತ್ತದಾ ಅನ್ನುವುದೇ ಕಾನೂನಿನಲ್ಲಿ ಒಂದು ಜಗಳ. ಅಮೆರಿಕ ಖಂಡದ ದೇಶಗಳು 1933ರಲ್ಲಿ ಮಾಡಿಕೊಂಡ ಮೊಂಟೆವಿಡಿಯೊ ಒಪ್ಪಂದದ 6ನೇ ವಿಧಿ, ಒಮ್ಮೆ ಕೊಟ್ಟ ಮಾನ್ಯತೆ ವಾಪಸು ಬರುವುದಿಲ್ಲ ಅನ್ನುತ್ತದೆ. ಪೊಲಿಸಾರಿಯೊ ಕಡೆಯವರಿಗೆ ಇದು ಅಚ್ಚುಮೆಚ್ಚು. ಆದರೆ ಕೀನ್ಯಾ ಆ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಬಳಕೆಯಲ್ಲಿ ನೋಡಿದರೆ, ಸಹ್ರಾವಿ ಗಣರಾಜ್ಯವನ್ನು ಒಂದಲ್ಲ ಒಂದು ಕಾಲದಲ್ಲಿ ಒಪ್ಪಿದ 80ಕ್ಕೂ ಹೆಚ್ಚು ದೇಶಗಳಲ್ಲಿ ಬಹಳಷ್ಟು ಹಿಂದೆ ಸರಿದಿವೆ, ಕೆಲವು ತಡೆಹಿಡಿದಿವೆ, ಕೆಲವು ಹಿಂದೆ ಸರಿದು ಮತ್ತೆ ಮುಂದೆ ಬಂದು ಮತ್ತೆ ಸರಿದಿವೆ. ನಮ್ಮ ದೇಶವೂ ಅದರಲ್ಲೊಂದು, ಆ ಮಾತು ಮುಂದೆ ಬರುತ್ತದೆ.

ನೈರೋಬಿಯ ಹಿಂದುಮುಂದು

ಕೀನ್ಯಾ ಸಹ್ರಾವಿ ಗಣರಾಜ್ಯವನ್ನು ಒಪ್ಪಿದ್ದು ತಡವಾಗಿ. 2005ರ ಜೂನ್‌ನಲ್ಲಿ, ಮ್ವಾಯಿ ಕಿಬಾಕಿ ಅಧ್ಯಕ್ಷರಾಗಿದ್ದಾಗ. ದಕ್ಷಿಣ ಆಫ್ರಿಕಾ ಹಿಂದಿನ ವರ್ಷವಷ್ಟೇ ಒಪ್ಪಿತ್ತು, ಆಗ ಗಾಳಿ ಆ ಕಡೆ ಬೀಸುತ್ತಿತ್ತು. ಮೊರಾಕ್ಕೊ ಸಿಟ್ಟಾಗಿ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. ಸ್ವಲ್ಪ ಕಾಲದಲ್ಲೇ ಕೀನ್ಯಾ ಮೆತ್ತಗಾಯಿತು, ಸಂಬಂಧ ತಡೆಹಿಡಿಯಿತು. ಮತ್ತೆ 2014ರಲ್ಲಿ ನೈರೋಬಿಯಲ್ಲಿ ಸಹ್ರಾವಿ ರಾಯಭಾರ ಕಚೇರಿ ತೆರೆಯಿತು.

2014 ಯಾಕೆ ಅನ್ನುವುದಕ್ಕೆ ಅಧಿಕೃತ ವಿವರಣೆ ಆಫ್ರಿಕಾದ ಒಗ್ಗಟ್ಟು, ಸ್ವಾತಂತ್ರ್ಯ ಇತ್ಯಾದಿ. ಇನ್ನೊಂದು ವಿಷಯವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆಗಿನ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಮೇಲೂ ಉಪಾಧ್ಯಕ್ಷರಾಗಿದ್ದ ಇದೇ ರುಟೊ ಮೇಲೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುತ್ತಿತ್ತು. ಆಫ್ರಿಕಾ ಒಕ್ಕೂಟ ಅವರ ಬೆನ್ನಿಗೆ ನಿಂತಿತ್ತು. ಒಕ್ಕೂಟದ ನಿಲುವುಗಳಿಗೆ ನೈರೋಬಿ ಆಗ ಸ್ವಲ್ಪ ಜಾಸ್ತಿಯೇ ನಿಷ್ಠೆ ತೋರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇದು ನನ್ನ ಓದು, ಯಾರೂ ಹಾಗೆಂದು ಬರೆದುಕೊಟ್ಟಿಲ್ಲ.

ಒಂದು ಟ್ವೀಟಿನ ಕಥೆ

2022ರ ಸೆಪ್ಟೆಂಬರ್ 13. ನೈರೋಬಿಯ ಕಸರಾನಿ ಕ್ರೀಡಾಂಗಣದಲ್ಲಿ ರುಟೊ ಪ್ರಮಾಣವಚನ. ವಿದೇಶಿ ಅತಿಥಿಗಳ ಸಾಲಿನಲ್ಲಿ ಸಹ್ರಾವಿ ಅಧ್ಯಕ್ಷ ಬ್ರಾಹಿಂ ಘಾಲಿ ಕೂಡ ಇದ್ದರು. ಅದೇ ಭಾಷಣದಲ್ಲಿ ರುಟೊ ರೈತರಿಗೆ ಒಂದು ಮಾತು ಕೊಟ್ಟರು: 50 ಕೆ.ಜಿ. ಗೊಬ್ಬರದ ಚೀಲ 6,500 ಶಿಲ್ಲಿಂಗ್‌ನಿಂದ 3,500ಕ್ಕೆ ಇಳಿಯುತ್ತದೆ, 14 ಲಕ್ಷ ಚೀಲ ಬರುತ್ತದೆ.

ಮರುದಿನ ಮೊರಾಕ್ಕೊದ ವಿದೇಶಾಂಗ ಸಚಿವ ನಾಸೆರ್ ಬೊರೀಟಾ ರಾಜ ಆರನೇ ಮೊಹಮ್ಮದ್ ಅವರ ಸಂದೇಶ ಹಿಡಿದು ಬಂದರು. ಭೇಟಿ ಮುಗಿದ ಮೇಲೆ ರುಟೊ ಅವರ ಖಾತೆಯಿಂದ ಟ್ವೀಟ್ ಹೊರಬಿತ್ತು. ಕೀನ್ಯಾ ಸಹ್ರಾವಿ ಗಣರಾಜ್ಯಕ್ಕೆ ಕೊಟ್ಟ ಮಾನ್ಯತೆ ರದ್ದು ಮಾಡುತ್ತಿದೆ, ದೇಶದಲ್ಲಿರುವ ಅವರ ಕಚೇರಿಯನ್ನು ಮುಚ್ಚಿಸುವ ಕ್ರಮ ಶುರುವಾಗುತ್ತದೆ ಎಂದು. ಹಿಂದಿನ ದಿನ ಅತಿಥಿಯಾಗಿ ಕೂತಿದ್ದವರ ದೇಶವನ್ನು ಮರುದಿನ ಇಲ್ಲ ಅಂದರೆ ಹೇಗಿರುತ್ತದೆ! ದೇಶದೊಳಗೇ ಗಲಾಟೆ ಎದ್ದಿತು. ಟ್ವೀಟ್ ಮಾಯವಾಯಿತು.

ಸೆಪ್ಟೆಂಬರ್ 16ರಂದು ವಿದೇಶಾಂಗ ಇಲಾಖೆಯ ಪ್ರಧಾನ ಕಾರ್ಯದರ್ಶಿ ಮಚಾರಿಯಾ ಕಮಾವು ಎಲ್ಲ ರಾಯಭಾರ ಕಚೇರಿಗಳಿಗೆ ಒಂದು ಟಿಪ್ಪಣಿ ಕಳಿಸಿದರು. ಆಫ್ರಿಕಾ ಒಕ್ಕೂಟದ ಹಳೇ ರೂಪವಾದ ಆಫ್ರಿಕಾ ಏಕತಾ ಸಂಘಟನೆ ಸಹ್ರಾವಿ ಗಣರಾಜ್ಯವನ್ನು ಸದಸ್ಯ ದೇಶವಾಗಿ ಸೇರಿಸಿಕೊಂಡ 1982ರ ತೀರ್ಮಾನಕ್ಕೆ ಕೀನ್ಯಾ ಬದ್ಧ ಎಂದು ಅದರಲ್ಲಿತ್ತು. ಜೊತೆಗೆ, ಕೀನ್ಯಾ ತನ್ನ ವಿದೇಶಾಂಗ ನೀತಿಯನ್ನು ಟ್ವಿಟರ್‌ನಲ್ಲಿ ನಡೆಸುವುದಿಲ್ಲ ಎಂಬ ಸಾಲು. ಅಧಿಕಾರಿಯೊಬ್ಬರು ಅಧ್ಯಕ್ಷರಿಗೇ ಇಷ್ಟು ನೇರವಾಗಿ ತಿದ್ದುಪಡಿ ಕಳಿಸುವುದು ಯಾವ ದೇಶದಲ್ಲೂ ದಿನಾ ಆಗುವ ಮಾತಲ್ಲ.

ಹೊರಗಿನವರು ಇದನ್ನು ಕೀನ್ಯಾ ತನ್ನ ಹಳೇ ನಿಲುವಿಗೆ ಮರಳಿತು ಎಂದು ಓದಿದರು. ಆದರೆ ಆರು ವಾರ ಕಳೆದ ಮೇಲೆ ನಡೆದದ್ದು ಜಾಸ್ತಿ ಜನರ ಕಣ್ಣಿಗೆ ಬೀಳಲಿಲ್ಲ. ಅಕ್ಟೋಬರ್ 27ರಂದು ಮಿನುರ್ಸೊ ಅವಧಿ ಮುಂದುವರಿಸುವ ನಿರ್ಣಯ ಭದ್ರತಾ ಮಂಡಳಿಗೆ ಬಂತು. ಕೀನ್ಯಾ ಆಗ ಮಂಡಳಿಯ ಸದಸ್ಯ. 13 ದೇಶಗಳು ಪರ ನಿಂತವು, ರಷ್ಯಾ ಮತ್ತು ಕೀನ್ಯಾ ತಟಸ್ಥ. ಆ ನಿರ್ಣಯ ಮೊರಾಕ್ಕೊ ಕಡೆ ವಾಲಿದೆ ಎಂಬುದು ಪೊಲಿಸಾರಿಯೊದ ದೂರಾಗಿತ್ತು, ಹಾಗಾಗಿ ತಟಸ್ಥ ಮತ ಅವರಿಗೆ ಒಂದು ಸಮಾಧಾನ. ಅಂದರೆ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಒಂದು ಕಡೆ, ಅಕ್ಟೋಬರ್‌ನಲ್ಲಿ ಅವರದೇ ಸರ್ಕಾರದ ರಾಯಭಾರಿ ಇನ್ನೊಂದು ಕಡೆ.

ಗೊಬ್ಬರ ಕೊಟ್ಟು ಮತ ಕೊಂಡರಾ?

ಟ್ವೀಟ್ ಬಂದ ದಿನದಿಂದಲೂ ಕೇಳುವ ಸುಲಭದ ವಿವರಣೆ ಇದು. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಡಿಎಪಿ ಗೊಬ್ಬರಕ್ಕೆ ಫಾಸ್ಫೇಟ್ ಬೇಕು. ಲೋಕದಲ್ಲಿ ಗೊತ್ತಿರುವ ಫಾಸ್ಫೇಟ್ ನಿಕ್ಷೇಪದ ಮೂರರಲ್ಲಿ ಎರಡು ಪಾಲು ಮೊರಾಕ್ಕೊ ಕೈಯಲ್ಲಿದೆ, ಅದನ್ನು ಅಗೆಯುವುದು ಒಸಿಪಿ ಎಂಬ ಸರ್ಕಾರಿ ಕಂಪನಿ. 2022ರಲ್ಲಿ ಉಕ್ರೇನ್ ಯುದ್ಧದಿಂದ ರಷ್ಯಾದ ಗೊಬ್ಬರ ಸಿಗುವುದು ಕಷ್ಟವಾಗಿ ಬೆಲೆ ಗಗನಕ್ಕೇರಿತ್ತು. ಕೀನ್ಯಾದ ಜೋಳದ ಸೀಮೆ ಟ್ರಾನ್ಸ್ ನ್ಜೋಯಾ, ಉವಾಸಿನ್ ಗಿಶು. ರುಟೊ ಅವರ ತವರೂ ಅಲ್ಲೇ, ಮತದ ಬುಡವೂ ಅಲ್ಲೇ. ಅಲ್ಲಿ ಮುಸುಕಿನ ಜೋಳ ಬಿತ್ತುವಾಗ ಡಿಎಪಿ ಹಾಕಲೇಬೇಕು. ಗೊಬ್ಬರದ ಬೆಲೆ ಇಳಿಸುತ್ತೇನೆ ಎಂದ ಮರುದಿನವೇ ಗೊಬ್ಬರದ ದೇಶದ ಸಚಿವರು ಎದುರು ಕೂತಿದ್ದರು.

ಆದರೂ ಬರೀ ಗೊಬ್ಬರ ಅಂದುಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಇಥಿಯೋಪಿಯಾ ನೋಡಿ. 2016ರಲ್ಲಿ ಒಸಿಪಿ ಅಲ್ಲಿ ಭಾರೀ ಗೊಬ್ಬರ ಕಾರ್ಖಾನೆಯ ಒಪ್ಪಂದ ಮಾಡಿಕೊಂಡಿತು. ನೈಜೀರಿಯಾ ಜೊತೆಯೂ ಅದೇ ವರ್ಷ ಗೊಬ್ಬರದ ಒಪ್ಪಂದ, ಮೇಲೆ ಅಟ್ಲಾಂಟಿಕ್ ಗುಂಟ ಅನಿಲ ಕೊಳವೆಯ ಮಾತುಕತೆ. ಎರಡೂ ದೇಶಗಳು ಗೊಬ್ಬರ ತೆಗೆದುಕೊಂಡವು, ಮೊರಾಕ್ಕೊ ವಿರುದ್ಧದ ಗದ್ದಲ ಕಡಿಮೆ ಮಾಡಿದವು, ಆದರೆ ಸಹ್ರಾವಿ ಮಾನ್ಯತೆಯನ್ನು ರದ್ದು ಮಾಡಿದೆವು ಎಂದು ಘೋಷಿಸಲಿಲ್ಲ. ಹಾಗಾಗಿ ಗೊಬ್ಬರ ಕೊಳ್ಳುವುದು ಮೌನವನ್ನು. ಅದರಾಚೆಗೆ ಬಹಿರಂಗವಾಗಿ ಮೊರಾಕ್ಕೊ ಪರ ಮಾತಾಡಿಸಬೇಕಾದರೆ ಬೇರೆ ಕಾರಣಗಳೂ ಕೂಡಿಬರಬೇಕು.

ವ್ಯಾಪಾರದ ಇನ್ನೊಂದು ಬದಿಯೂ ಇದೆ. ಮೊರಾಕ್ಕೊಗೆ ಚಹಾ, ಕಾಫಿ ಮಾರಬೇಕು ಅನ್ನುವುದು ಕೀನ್ಯಾದ ಆಸೆ. ಕಪ್ಪು ಚಹಾ ರಫ್ತಿನಲ್ಲಿ ಕೀನ್ಯಾ ಲೋಕಕ್ಕೇ ಮೊದಲು, ಆದರೆ ಮೊರಾಕ್ಕೊದವರು ಕುಡಿಯುವುದು ಪುದೀನ ಹಾಕಿದ ಹಸಿರು ಚಹಾ, ಅದು ಬರುವುದು ಚೀನಾದಿಂದ. ಈ ಆಸೆ ಎಷ್ಟರಮಟ್ಟಿಗೆ ಕೈಗೂಡುತ್ತದೋ ನೋಡಬೇಕು.

ಗಡಿಯ ವಾದ ಯಾರ ಪರ

ಕೀನ್ಯಾಕ್ಕೆ ನಿಜಕ್ಕೂ ಮುಜುಗರ ತರುವ ಪ್ರಶ್ನೆ ಇದು. 2022ರ ಫೆಬ್ರವರಿಯಲ್ಲಿ, ರಷ್ಯಾ ಉಕ್ರೇನ್ ಮೇಲೆ ನುಗ್ಗುವ ಕೆಲವೇ ದಿನ ಮುಂಚೆ, ವಿಶ್ವಸಂಸ್ಥೆಯಲ್ಲಿ ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ ಮಾಡಿದ ಭಾಷಣ ಎಲ್ಲೆಡೆ ಹರಿದಾಡಿತ್ತು. ನಮ್ಮ ಗಡಿ ಎಳೆದದ್ದು ನಾವಲ್ಲ, ಲಂಡನ್, ಪ್ಯಾರಿಸ್, ಲಿಸ್ಬನ್‌ನಲ್ಲಿ ಕೂತವರು; ಆದರೂ ಸ್ವಾತಂತ್ರ್ಯ ಬಂದಾಗ ಹೇಗಿತ್ತೋ ಹಾಗೇ ಒಪ್ಪಿಕೊಂಡೆವು, ಇಲ್ಲದಿದ್ದರೆ ಇವತ್ತಿಗೂ ಕಾದಾಡುತ್ತಿದ್ದೆವು ಎಂಬುದು ಅದರ ಸಾರ. ಕೀನ್ಯಾಗೆ ಇದು ಬಾಯಿಮಾತಲ್ಲ. 1960ರ ದಶಕದಲ್ಲಿ ಅದರ ಈಶಾನ್ಯದ ಸೊಮಾಲಿ ಪ್ರದೇಶ ಬೇರೆಯಾಗಲು ಬಂಡೆದ್ದಿತ್ತು. ಆಫ್ರಿಕಾದ ದೇಶಗಳು 1964ರಲ್ಲಿ ಕೈರೋದಲ್ಲಿ ಸೇರಿ ವಸಾಹತು ಕಾಲದ ಗಡಿಗಳನ್ನೇ ಉಳಿಸಿಕೊಳ್ಳೋಣ ಎಂದು ತೀರ್ಮಾನಿಸಿದಾಗ ನೈರೋಬಿಗೆ ಅದು ರಕ್ಷಾಕವಚವಾಗಿತ್ತು.

ಈ ನಿಯಮವನ್ನು ಪಶ್ಚಿಮ ಸಹಾರಾಕ್ಕೆ ಹಚ್ಚಿದರೆ ಉತ್ತರ ಪೊಲಿಸಾರಿಯೊ ಕಡೆಗೆ ಬೀಳುತ್ತದೆ. ಸ್ಪೇನ್ ಬಿಟ್ಟುಹೋದ ಗಡಿ ಸ್ಪಷ್ಟವಾಗಿದೆ, ಮೊರಾಕ್ಕೊದ ಗಡಿ ಅದಕ್ಕೆ ಮುಂಚೆಯೇ ಮುಗಿಯುತ್ತದೆ. ಮೊರಾಕ್ಕೊ ಇದಕ್ಕೆ ಕೊಡುವ ಉತ್ತರ ಬೇರೆ ದಿಕ್ಕಿನದು. ವಸಾಹತುಗಾರರು ಬಂದು ನಮ್ಮ ಹಳೇ ರಾಜ್ಯವನ್ನು ತುಂಡು ಮಾಡಿದರು, ನಾವು ಜೋಡಿಸಿಕೊಳ್ಳುತ್ತಿದ್ದೇವೆ. ಅವರು ಎಳೆದ ಗೆರೆಯನ್ನೇ ಯಾಕೆ ಪೂಜಿಸಬೇಕು ಅಂತ. ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಆದರೆ ಆಫ್ರಿಕಾದಲ್ಲಿ ಎಲ್ಲರೂ ಹೀಗೇ ಹಳೇ ರಾಜ್ಯಗಳ ಲೆಕ್ಕ ತೆಗೆದರೆ ಸೊಮಾಲಿಯಾ ಕೀನ್ಯಾದ ಈಶಾನ್ಯವನ್ನು ಕೇಳಬಹುದು. ಫೆಬ್ರವರಿಯ ಭಾಷಣ ಮತ್ತು ಸೆಪ್ಟೆಂಬರ್‌ನ ಟ್ವೀಟ್ ಒಂದರ ಪಕ್ಕ ಒಂದು ಇಟ್ಟರೆ ಎರಡೂ ಒಂದೇ ದೇಶದ್ದು ಅನ್ನಿಸುವುದಿಲ್ಲ.

ಅಲ್ಜೀರಿಯಾದ ಬೆಂಬಲವೂ ಬರೀ ಆದರ್ಶದ್ದಲ್ಲ. 1963ರಲ್ಲಿ ಮೊರಾಕ್ಕೊ ಜೊತೆ ಗಡಿಗಾಗಿ ಯುದ್ಧ ಮಾಡಿದ ದೇಶ ಅದು. ಪಕ್ಕದಮನೆಯವನು ದೊಡ್ಡವನಾಗುವುದು ಅದಕ್ಕೆ ಬೇಡ. ಈ ಎಳೆದಾಟದಲ್ಲಿ ನಿಜವಾಗಿ ಕಷ್ಟಪಡುತ್ತಿರುವವರು ತಿಂದೂಫ್‌ನಲ್ಲಿ ಬೇರೆಯವರು ಕೊಡುವ ಹಿಟ್ಟು, ಎಣ್ಣೆಯ ಮೇಲೆ ಬದುಕುತ್ತಿರುವವರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2018ರಲ್ಲಿ ಅವರ ಸಂಖ್ಯೆ ಸುಮಾರು 1.73 ಲಕ್ಷ ಎಂದು ಲೆಕ್ಕಹಾಕಿತ್ತು.

ಅಡಿಸ್ ಅಬಾಬಾದ ಆ ಒಂದು ಕುರ್ಚಿ

ಕೀನ್ಯಾ ಯಾಕೆ ಒಂದೇ ಏಟಿಗೆ ಮಾನ್ಯತೆ ಕಿತ್ತುಹಾಕುವುದಿಲ್ಲ ಅನ್ನುವುದಕ್ಕೆ ಉತ್ತರ, ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಕಚೇರಿ ಇರುವ ಆಫ್ರಿಕಾ ಒಕ್ಕೂಟದಲ್ಲಿದೆ. ಒಕ್ಕೂಟದಲ್ಲಿ 55 ಸದಸ್ಯರು. ವಿಶ್ವಸಂಸ್ಥೆಯಲ್ಲಿರುವ ಆಫ್ರಿಕಾ ದೇಶಗಳು 54. ಆ ಹೆಚ್ಚುವರಿ ಒಂದು ಸಹ್ರಾವಿ ಗಣರಾಜ್ಯ. ಆಫ್ರಿಕಾ ಏಕತಾ ಸಂಘಟನೆ 1982ರಲ್ಲಿ ಅದನ್ನು ಸೇರಿಸಿಕೊಂಡಿತು, 1984ರ ಸಭೆಯಲ್ಲಿ ಸಹ್ರಾವಿ ಪ್ರತಿನಿಧಿಗಳು ಬಂದು ಕೂತಾಗ ಮೊರಾಕ್ಕೊ ಸಂಘಟನೆಯನ್ನೇ ಬಿಟ್ಟು ಹೊರನಡೆಯಿತು. 33 ವರ್ಷ ಹೊರಗಿದ್ದು 2017ರಲ್ಲಿ ವಾಪಸು ಬಂತು. ಹೊರಗೆ ನಿಂತು ಕೂಗುವುದಕ್ಕಿಂತ ಒಳಗೆ ಬಂದು ಒಬ್ಬೊಬ್ಬರನ್ನೇ ತನ್ನ ಕಡೆ ಸೆಳೆಯುವುದು ಲಾಭ ಎಂದು ರಬಾತ್‌ಗೆ ಆಗ ಹೊಳೆದಿತ್ತು.

ಆದರೆ ಒಕ್ಕೂಟದ ಸಂವಿಧಾನದಲ್ಲಿ ಸದಸ್ಯ ದೇಶವನ್ನು ಹೊರಹಾಕುವ ದಾರಿಯೇ ಇಲ್ಲ. ಅಮಾನತು ಇದೆ, ಅದೂ ಕ್ಷಿಪ್ರಕ್ರಾಂತಿಯಂಥ ಅಸಾಂವಿಧಾನಿಕ ಮಾರ್ಗದಲ್ಲಿ ಅಧಿಕಾರ ಹಿಡಿದ ಸರ್ಕಾರಕ್ಕೆ. 2016ರಲ್ಲಿ 28 ದೇಶಗಳು ಸಹ್ರಾವಿಯನ್ನು ಅಮಾನತು ಮಾಡಿ ಎಂದು ಪತ್ರ ಬರೆದವು, ಅದು ಅಲ್ಲಿಗೇ ನಿಂತಿತು. ಸಂವಿಧಾನ ತಿದ್ದಬೇಕಾದರೆ ಸಹಮತ ಬೇಕು, ಇಲ್ಲವೇ ಮೂರನೇ ಎರಡು ಬಹುಮತ. ಮೊರಾಕ್ಕೊಗೆ ಬೇಕಾಗಿರುವುದು ಆ ಸಂಖ್ಯೆ. ಅದಕ್ಕಾಗಿಯೇ ಕೀನ್ಯಾದಂಥ ಪೂರ್ವ ಆಫ್ರಿಕಾದ ದೊಡ್ಡ ದೇಶ ಅದಕ್ಕೆ ಅಷ್ಟು ಮುಖ್ಯ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಅದಕ್ಕೆ ಸ್ನೇಹಿತರು ಮೊದಲೇ ಇದ್ದರು. ಪೂರ್ವ ಮತ್ತು ದಕ್ಷಿಣದಲ್ಲಿ ಕಡಿಮೆ.

ನೈರೋಬಿ ಕಡೆಯಿಂದ ನೋಡಿದರೆ ಲೆಕ್ಕ ಇನ್ನೊಂದು. ಒಕ್ಕೂಟದ ಮುಂದಾಳುಗಳಲ್ಲಿ ತಾನೂ ಒಬ್ಬ ಎಂದುಕೊಳ್ಳುವ ದೇಶ, ಒಕ್ಕೂಟದ ಸದಸ್ಯನೊಬ್ಬನನ್ನು "ನೀನು ದೇಶವೇ ಅಲ್ಲ" ಎಂದರೆ ಅಲ್ಜೀರಿಯಾ, ದಕ್ಷಿಣ ಆಫ್ರಿಕಾ ಜೊತೆ ನೇರ ಜಗಳ. ಹಾಗೆಂದು ಸುಮ್ನೆ ಇದ್ದರೆ ಮೊರಾಕ್ಕೊ ಕಡೆಯ ಬಾಗಿಲು ಮುಚ್ಚುತ್ತದೆ. ಎರಡನ್ನೂ ತಪ್ಪಿಸುವ ದಾರಿ ಜಂಟಿ ಹೇಳಿಕೆ: ಯೋಜನೆಗೆ ಜೈ ಅನ್ನು, ಮಾನ್ಯತೆಯ ಹೆಸರೆತ್ತಬೇಡ.

ಈ ಕುರ್ಚಿಯ ಜಗಳ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ 2024ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ನಡೆದದ್ದು ಸಾಕ್ಷಿ. ಜಪಾನ್–ಆಫ್ರಿಕಾ ಸಮ್ಮೇಳನದ ತಯಾರಿ ಸಭೆ. ಸಹ್ರಾವಿ ಪ್ರತಿನಿಧಿಯೊಬ್ಬರು ದೇಶದ ಹೆಸರಿನ ಫಲಕವನ್ನು ಮೇಜಿನ ಮೇಲಿಟ್ಟರು. ಮೊರಾಕ್ಕೊ ಕಡೆಯವರು ಅದನ್ನು ಕಿತ್ತುಕೊಳ್ಳಲು ಧಾವಿಸಿದರು, ಅಲ್ಜೀರಿಯಾದವರು ತಡೆದರು, ಕೊನೆಗೆ ಸೂಟು ಹಾಕಿಕೊಂಡ ರಾಜತಾಂತ್ರಿಕರು ನೆಲದ ಮೇಲೆ ಹೊರಳಾಡಿದರು. ವಿಡಿಯೊ ಇದೆ.

ಕಾಗದದ ಮಾನ್ಯತೆಯಿಂದ ಏನಾಗುತ್ತದೆ?

ಏನೂ ಆಗುವುದಿಲ್ಲ, ಬರೀ ಬಾವುಟದ ಮಾತು ಎಂದುಕೊಳ್ಳುವವರಿಗೆ ಒಂದು ಹಡಗಿನ ಕಥೆ. 2017ರ ಮೇ ತಿಂಗಳಲ್ಲಿ ಎನ್‌ಎಂ ಚೆರಿ ಬ್ಲಾಸಮ್ ಎಂಬ ಹಡಗು ಲಾಯೂನ್‌ನಿಂದ ಸುಮಾರು 50 ಸಾವಿರ ಟನ್ ಫಾಸ್ಫೇಟ್ ತುಂಬಿಕೊಂಡು ನ್ಯೂಜಿಲೆಂಡ್‌ಗೆ ಹೊರಟಿತ್ತು. ಆ ಫಾಸ್ಫೇಟ್ ಬರುವುದು ಪಶ್ಚಿಮ ಸಹಾರಾದ ಬೂ ಕ್ರಾ ಗಣಿಯಿಂದ, ಮರುಭೂಮಿಯಲ್ಲಿ ಸುಮಾರು 100 ಕಿಲೋಮೀಟರ್ ಉದ್ದದ ಸಾಗಣೆ ಪಟ್ಟಿಯ ಮೇಲೆ ಕಡಲಿಗೆ. ದಾರಿಯಲ್ಲಿ ಹಡಗು ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ಬಂದರಿಗೆ ಬಂತು. ದಕ್ಷಿಣ ಆಫ್ರಿಕಾ ಸಹ್ರಾವಿ ಗಣರಾಜ್ಯವನ್ನು ಒಪ್ಪಿದ ದೇಶ. ಸಹ್ರಾವಿಗಳು ಅಲ್ಲಿನ ಕೋರ್ಟಿಗೆ ಹೋಗಿ ಸರಕು ನಮ್ಮದು ಎಂದರು. ಕೋರ್ಟು ಹಡಗನ್ನು ತಡೆಯಿತು, 2018ರ ಫೆಬ್ರವರಿಯಲ್ಲಿ ಸರಕು ಸಹ್ರಾವಿಗಳದ್ದೇ ಎಂದು ತೀರ್ಪು ಕೊಟ್ಟಿತು.

2017ರಲ್ಲೇ ಪನಾಮಾದಲ್ಲೂ ಹೀಗೇ ಒಂದು ಹಡಗು ಸಿಕ್ಕಿಬಿದ್ದಿತ್ತು, ಅಲ್ಲಿನ ಕೋರ್ಟು ಇದು ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಬಿಟ್ಟುಕಳಿಸಿತು. ಅಂದರೆ ಮಾನ್ಯತೆ ಕೊಟ್ಟ ದೇಶದಲ್ಲೆಲ್ಲ ಹೀಗಾಗುತ್ತದೆ ಎಂದಲ್ಲ. ಆದರೆ ದಕ್ಷಿಣ ಆಫ್ರಿಕಾದ ತೀರ್ಪಿನ ನಂತರ ಮಾನ್ಯತೆ ಕೊಟ್ಟ ದೇಶಗಳ ಪ್ರತಿ ಬಂದರೂ ಮೊರಾಕ್ಕೊದ ಸರಕಿಗೆ ಅಪಾಯದ ಜಾಗವಾಯಿತು. ಕೀನ್ಯಾದ ಮೊಂಬಾಸಾ ಪೂರ್ವ ಆಫ್ರಿಕಾದ ಮುಖ್ಯ ಬಂದರು ಅನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಯುರೋಪಿನಲ್ಲೂ ಹೀಗೇ. ಮೊರಾಕ್ಕೊ ಜೊತೆ ಯುರೋಪ್ ಒಕ್ಕೂಟ ಮಾಡಿಕೊಂಡ ಮೀನುಗಾರಿಕೆ ಮತ್ತು ಕೃಷಿ ಒಪ್ಪಂದಗಳಿಗೆ ಪಶ್ಚಿಮ ಸಹಾರಾದ ಜನರ ಒಪ್ಪಿಗೆ ಇಲ್ಲ ಎಂದು ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ಹೇಳಿತು. ತಮಾಷೆ ಅಂದರೆ, ಅದಕ್ಕೆ ಸುಮಾರು ಎರಡು ತಿಂಗಳ ಮುಂಚೆ ಫ್ರಾನ್ಸ್ ಮೊರಾಕ್ಕೊದ ಯೋಜನೆಗೆ ಪೂರ್ತಿ ಬೆಂಬಲ ಘೋಷಿಸಿತ್ತು. ಕೋರ್ಟುಗಳು ಒಂದು ದಿಕ್ಕಿಗೆ, ಸರ್ಕಾರಗಳು ಇನ್ನೊಂದು ದಿಕ್ಕಿಗೆ.

2025ರಲ್ಲಿ ಗಾಳಿ ಜೋರಾಯಿತು

ರುಟೊ ಅವರ ಟ್ವೀಟ್ ಎರಡು ದಿನವೂ ಬಾಳಲಿಲ್ಲ, ಎರಡೂವರೆ ವರ್ಷ ಕಳೆದ ಮೇಲೆ ಹೆಚ್ಚುಕಮ್ಮಿ ಅದೇ ಆಶಯದ ಹೇಳಿಕೆ ಬಂದಾಗ ಹೆಚ್ಚು ಗದ್ದಲವಾಗಲಿಲ್ಲ. ಯಾಕೆಂದರೆ ಸುತ್ತಲಿನ ಲೋಕ ಬದಲಾಗಿತ್ತು. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ಮೊರಾಕ್ಕೊದ ಒಡೆತನವನ್ನು ಒಪ್ಪಿದರು, ಬದಲಿಗೆ ಮೊರಾಕ್ಕೊ ಇಸ್ರೇಲ್ ಜೊತೆ ಸಂಬಂಧ ಬೆಳೆಸಿತು. 2022ರಲ್ಲಿ ಹಳೇ ಒಡೆಯ ಸ್ಪೇನ್, 2024ರಲ್ಲಿ ಫ್ರಾನ್ಸ್ ಯೋಜನೆಯ ಪರ ಬಂದವು; ಕೀನ್ಯಾದ ಬೆನ್ನಿಗೇ, 2025ರ ಜೂನ್‌ನಲ್ಲಿ, ಬ್ರಿಟನ್ ಕೂಡ ಬಂತು. ಘಾನಾ 2025ರ ಜನವರಿಯಲ್ಲಿ ಸಹ್ರಾವಿ ಜೊತೆಗಿನ ಸಂಬಂಧ ತಡೆಹಿಡಿಯಿತು. ಕೀನ್ಯಾ ಒಂಟಿಯಾಗಿ ನಡೆಯಬೇಕಾದ ದಾರಿ ಈಗ ಜನ ತುಂಬಿದ ರಸ್ತೆ.

ಇನ್ನೊಂದು ಸಂಗತಿ ಇದೆ, ಇದರ ಬಗ್ಗೆ ಚರ್ಚೆ ಕಡಿಮೆ. 2025ರ ಮಾರ್ಚ್ 26ರಂದು ಕೀನ್ಯಾ ಕೊಸೊವೊಗೆ ಮಾನ್ಯತೆ ಕೊಟ್ಟಿತು. ಕೊಸೊವೊ ವಿಶ್ವಸಂಸ್ಥೆಯ ಸದಸ್ಯನಲ್ಲ, ಸರ್ಬಿಯಾದಿಂದ ಬೇರೆಯಾಗಿ ಸ್ವಾತಂತ್ರ್ಯ ಘೋಷಿಸಿಕೊಂಡ ನಾಡು. ಸರಿಯಾಗಿ ಎರಡು ತಿಂಗಳ ನಂತರ ಇತ್ತ ಸಹ್ರಾವಿ ಸ್ವಾತಂತ್ರ್ಯದಿಂದ ದೂರ ಸರಿಯಿತು. ಯುರೋಪಿನಲ್ಲಿ ಬೇರೆಯಾದವರು ಸರಿ, ಆಫ್ರಿಕಾದಲ್ಲಿ ವಸಾಹತು ಗಡಿಯೊಳಗೆ ಸ್ವಾತಂತ್ರ್ಯ ಕೇಳುವವರು ಬೇಡ. ಇದರಲ್ಲಿ ತತ್ವ ಹುಡುಕಿದರೆ ಸಿಗುವುದಿಲ್ಲ. ವಾಷಿಂಗ್ಟನ್ ಯಾವ ಕಡೆ ಇದೆ ಎಂದು ನೋಡಿದರೆ ಎರಡೂ ತೀರ್ಮಾನಗಳು ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಅಕ್ಟೋಬರ್ 31ರಂದು ಭದ್ರತಾ ಮಂಡಳಿಯ 2797ನೇ ನಿರ್ಣಯ ಬಂತು. 11 ಪರ, ರಷ್ಯಾ, ಚೀನಾ, ಪಾಕಿಸ್ತಾನ ತಟಸ್ಥ, ಅಲ್ಜೀರಿಯಾ ಮತದಲ್ಲಿ ಭಾಗವಹಿಸಲಿಲ್ಲ. ಮಾತುಕತೆಗೆ ಮೊರಾಕ್ಕೊದ ಯೋಜನೆಯೇ ಆಧಾರ ಎಂದು ಮೊದಲ ಬಾರಿಗೆ ಮಂಡಳಿ ಹೇಳಿತು. ಸ್ವನಿರ್ಣಯ ಅನ್ನುವ ಮಾತನ್ನೂ ಬಿಡಲಿಲ್ಲ. ಸ್ವಾತಂತ್ರ್ಯವೂ ಆಯ್ಕೆಗಳಲ್ಲಿ ಇರಲೇಬೇಕು ಎನ್ನುವ ಪೊಲಿಸಾರಿಯೊ ಆ ಆಧಾರವನ್ನು ಒಪ್ಪಲಿಲ್ಲ.

ದೆಹಲಿ ಈ ದಾರಿಯಲ್ಲಿ ಮೊದಲೇ ನಡೆದಿತ್ತು

ಕೀನ್ಯಾ ಮೇಲೆ ಬೆರಳು ತೋರಿಸುವ ಮುಂಚೆ ನಮ್ಮದನ್ನೂ ನೋಡಿಕೊಳ್ಳೋಣ. ಭಾರತ 1985ರಲ್ಲಿ, ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ ಸಹ್ರಾವಿ ಗಣರಾಜ್ಯವನ್ನು ಒಪ್ಪಿತು, ದೆಹಲಿಯಲ್ಲಿ ಅವರ ರಾಯಭಾರ ಕಚೇರಿಯೂ ಇತ್ತು. 2000ದ ಜೂನ್‌ನಲ್ಲಿ, ವಾಜಪೇಯಿ ಕಾಲದಲ್ಲಿ, ಮಾನ್ಯತೆ ಹಿಂಪಡೆಯಿತು. ಕೀನ್ಯಾದ ಹಾಗೆ ಅಡ್ಡಗೋಡೆಯ ಮೇಲೆ ಕೂರಬೇಕಾದ ಕಷ್ಟ ನಮಗಿರಲಿಲ್ಲ, ಆಫ್ರಿಕಾ ಒಕ್ಕೂಟದಲ್ಲಿ ಅವರ ಪಕ್ಕ ಕೂರಬೇಕಾಗಿರಲಿಲ್ಲವಲ್ಲ.

ನಮಗೂ ಫಾಸ್ಫೇಟ್ ಬೇಕಿತ್ತು, ಈಗಲೂ ಬೇಕು. ನಮ್ಮ ನೆಲದಲ್ಲಿ ಸಿಗುವುದು ಸಾಲದು. ಮಂಗಳೂರಿನ ಪಣಂಬೂರಿನಲ್ಲಿ ಡಿಎಪಿ ಮಾಡುವ ಕಾರ್ಖಾನೆ 2025ರಲ್ಲಿ ಪಾರಾದೀಪ್ ಫಾಸ್ಫೇಟ್ಸ್ ಕಂಪನಿಯೊಳಗೆ ಸೇರಿತು, ಆ ಕಂಪನಿಯ ಒಡೆತನದಲ್ಲಿ ಒಸಿಪಿಗೂ ಪಾಲಿದೆ. ಮುಂಗಾರಿನಲ್ಲಿ ಸೊಸೈಟಿ ಮುಂದೆ ಡಿಎಪಿಗೆ ಸಾಲು ನಿಲ್ಲುವ ಹಾವೇರಿ, ಗದಗದ ರೈತರಿಗೆ ರಬಾತ್ ಅಂದರೆ ಎಲ್ಲಿ ಎಂದು ಗೊತ್ತಿರಬೇಕಿಲ್ಲ; ಆದರೆ ದೆಹಲಿ ಪಶ್ಚಿಮ ಸಹಾರಾ ಬಗ್ಗೆ ಯಾಕೆ ಅಷ್ಟು ಅಳೆದು ತೂಗಿ ಮಾತಾಡುತ್ತದೆ ಅನ್ನುವುದಕ್ಕೆ ಆ ಸಾಲೂ ಒಂದು ಕಾರಣ.

ಮುಂದೆ ಏನಾಗಬಹುದು

ಕೀನ್ಯಾ ಮಾನ್ಯತೆಯನ್ನು ಅಧಿಕೃತವಾಗಿ ರದ್ದು ಮಾಡುವ ಸಾಧ್ಯತೆ ಕಡಿಮೆ ಅನ್ನಿಸುತ್ತದೆ. ರದ್ದು ಮಾಡಿದ ಕ್ಷಣ ಮೊರಾಕ್ಕೊ ಜೊತೆ ಚೌಕಾಸಿ ಮಾಡಲು ಕೈಯಲ್ಲಿರುವ ವಸ್ತುವೇ ಮುಗಿದುಹೋಗುತ್ತದೆ. ಅರ್ಧ ಕೊಟ್ಟು ಅರ್ಧ ಇಟ್ಟುಕೊಂಡರೆ ಗೊಬ್ಬರ, ಚಹಾ, ಬಂಡವಾಳ ಎಲ್ಲಕ್ಕೂ ಮಾತುಕತೆ ನಡೆಯುತ್ತಲೇ ಇರುತ್ತದೆ. ಇದರ ಇನ್ನೊಂದು ಮುಖವೂ ಇದೆ. ಎರಡು ಕಡೆಯೂ ಕಾಲಿಟ್ಟವರ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ. ನಾಳೆ ಸುಡಾನ್ ಅಥವಾ ಕಾಂಗೊ ಬಿಕ್ಕಟ್ಟಿನಲ್ಲಿ ಕೀನ್ಯಾ ಮಧ್ಯಸ್ಥಿಕೆಗೆ ಹೋದಾಗ "ನಿಮ್ಮ ಯಾವ ಹೇಳಿಕೆಯನ್ನು ನಂಬೋಣ, ಟ್ವೀಟನ್ನೋ ಟಿಪ್ಪಣಿಯನ್ನೋ" ಎಂದು ಎದುರಿನವರು ಕೇಳಿದರೆ ಉತ್ತರಿಸುವುದು ಕಷ್ಟ.

ಸಹ್ರಾವಿಗಳಿಗೆ ಆಗುವ ನಷ್ಟ ನಿಧಾನವಾದದ್ದು. ಒಕ್ಕೂಟದ ಕುರ್ಚಿ ಇವತ್ತೇ ಹೋಗುವುದಿಲ್ಲ. ಆದರೆ ಆ ಕುರ್ಚಿಯ ಸುತ್ತ ಪರವಾಗಿ ಮಾತಾಡುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಸ್ವಾಯತ್ತತೆಯ ಮಾತುಕತೆ ನಿಜವಾಗಿ ಶುರುವಾದರೆ ಅವರು ಮೇಜಿಗೆ ಬರುವುದು ಈಗಿರುವುದಕ್ಕಿಂತ ಕಡಿಮೆ ಬಲದೊಂದಿಗೆ. ಬರದಿದ್ದರೆ, 2020ರ ನವೆಂಬರ್‌ನಲ್ಲಿ ಮುರಿದುಬಿದ್ದ ಕದನವಿರಾಮ ಇನ್ನಷ್ಟು ಹದಗೆಡಬಹುದು. ಶಿಬಿರದಲ್ಲಿ ಬೆಳೆದ ಹುಡುಗರಿಗೆ ಹಿರಿಯರಷ್ಟು ತಾಳ್ಮೆ ಇಲ್ಲ.

ಮುಂದಿನ ಸುದ್ದಿ ಬಂದಾಗ ಜಂಟಿ ಹೇಳಿಕೆಗಿಂತ ಎರಡು ಸಂಗತಿ ನೋಡಿದರೆ ಜಾಸ್ತಿ ತಿಳಿಯುತ್ತದೆ. ಒಂದು, ಲಾಯೂನ್ ಅಥವಾ ದಖ್ಲಾದಲ್ಲಿ ಕೀನ್ಯಾ ದೂತಾವಾಸ ತೆರೆಯುತ್ತದಾ ಅನ್ನುವುದು. 2019ರ ಕೊನೆಯಲ್ಲಿ ಕೊಮೊರೊಸ್ ಶುರುಮಾಡಿದ ಮೇಲೆ ಸುಮಾರು 30 ದೇಶಗಳು ಆ ಎರಡು ಊರುಗಳಲ್ಲಿ ಕಚೇರಿ ತೆರೆದಿವೆ. ಅಲ್ಲಿ ಕಚೇರಿ ಇಟ್ಟ ದೇಶ ಮೊರಾಕ್ಕೊದ ಒಡೆತನ ಒಪ್ಪಿದ ಹಾಗೆಯೇ, ಬಾಯಲ್ಲಿ ಏನೇ ಹೇಳಲಿ. ಇನ್ನೊಂದು, ನೈರೋಬಿಯ ಸಹ್ರಾವಿ ಕಚೇರಿಗೆ ಹೊಸ ರಾಯಭಾರಿ ಬಂದರೆ ಅವರ ನೇಮಕದ ಅಧಿಕಾರಪತ್ರವನ್ನು ಕೀನ್ಯಾದ ಅಧ್ಯಕ್ಷರು ಸ್ವೀಕರಿಸುತ್ತಾರಾ ಅನ್ನುವುದು. ಮಿನುರ್ಸೊ ಅವಧಿ ಸದ್ಯಕ್ಕೆ ಇರುವುದು 2026ರ ಅಕ್ಟೋಬರ್ 31ರವರೆಗೆ, ಆ ದಿನ ಹತ್ತಿರ ಬಂದ ಹಾಗೆ ಎರಡೂ ಕಡೆಯಿಂದ ನೈರೋಬಿಗೆ ಓಡಾಟ ಹೆಚ್ಚುತ್ತದೆ.